ಕೊರೊನಾ ಬದಲಿಸಿದ ಪ್ರಯಾಣ: ಬಸ್ಸಿನಿಂದ ಇಳಿದವರು, ಬಸ್ಸಿಗಾಗಿ ಕಾದವರು

ಕರಾವಳಿಯ ವ್ಯಾಪಾರಿಯ ದಿನವು ಬಸ್ಸಿನ ವೇಳಾಪಟ್ಟಿಯೊಂದಿಗೆ ಆರಂಭವಾಗಿ ಅದರೊಂದಿಗೇ ಮುಗಿಯುತ್ತಿತ್ತು. ಬೆಳಗಿನ ಮೊದಲ ಬಸ್ಸಿನಲ್ಲಿ ಅಂಗಡಿಯ ಕೆಲಸದವರು ಬರುತ್ತಿದ್ದರು. ಹತ್ತು ಗಂಟೆಯ ಬಸ್ಸಿನಲ್ಲಿ ಹಳ್ಳಿಯ ಗಿರಾಕಿಗಳು ಇಳಿಯುತ್ತಿದ್ದರು. ಮಧ್ಯಾಹ್ನದ ಬಸ್ಸಿನ ನಿರ್ವಾಹಕನ ಕೈಯಲ್ಲಿ ಕಾರ್ಕಳದ ಬಿಡಿಭಾಗದ ಅಂಗಡಿಗೆ ಒಂದು ಪಾರ್ಸೆಲ್ ಹೋಗುತ್ತಿತ್ತು. ರಾತ್ರಿಯ ಕೊನೆಯ ಬಸ್ಸಿಗೆ ಹತ್ತು ನಿಮಿಷವಿರುವಾಗ ಅಂಗಡಿಯ ಬಾಗಿಲು ಎಳೆಯಲಾಗುತ್ತಿತ್ತು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪೇಟೆಗಳು ಬೆಳೆದದ್ದೇ ಈ ಕ್ರಮವನ್ನು ಅನುಸರಿಸಿ.

2020ರ ಮಾರ್ಚಿನಲ್ಲಿ ಈ ಕ್ರಮವು ಒಮ್ಮೆಲೇ ಮುರಿಯಿತು. ಸಾಂಕ್ರಾಮಿಕವು ಹೋಯಿತು, ಅಂಗಡಿಗಳು ತೆರೆದವು, ಆದರೆ ಹಳೆಯ ಪ್ರಯಾಣದ ಕ್ರಮವು ಹಿಂದಿನಂತೆ ಮರಳಲಿಲ್ಲ. ಮರಳದಿರಲು ಕಾರಣಗಳೇನು, ಅದರ ಭಾರವನ್ನು ಯಾರು ಹೊತ್ತರು, ವಾಣಿಜ್ಯ ಸಮುದಾಯವಾಗಿ ನಮ್ಮ ಪಾಲು ಅದರಲ್ಲಿ ಎಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಸ್ಸು ನಿಂತ ದಿನಗಳು

ಮಾರ್ಚ್ 22ರ ಜನತಾ ಕರ್ಫ್ಯೂ, ಅದರ ಬೆನ್ನಿಗೆ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್. ಬಸ್ಸು, ರೈಲು, ರಿಕ್ಷಾ ಎಲ್ಲವೂ ಸ್ತಬ್ಧವಾದವು. ಆ ವರ್ಷದ ಏಪ್ರಿಲ್ 1 ನಮ್ಮ ಜಿಲ್ಲೆಯ ಆರ್ಥಿಕ ಇತಿಹಾಸದಲ್ಲಿ ನೆನಪಿಡಬೇಕಾದ ದಿನ. ಉಡುಪಿಯ ಮಣ್ಣಿನಲ್ಲಿ ಹುಟ್ಟಿದ ಎರಡು ಬ್ಯಾಂಕುಗಳಾದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಅಂದೇ ವಿಲೀನಗೊಂಡವು. ಅದೇ ದಿನದಿಂದ ವಾಹನಗಳಿಗೆ ಬಿಎಸ್-6 ಮಾನದಂಡವು ಕಡ್ಡಾಯವಾಯಿತು. ಹೊಸ ಬಸ್ಸಿನ ಬೆಲೆಯು ಏರಿತು. ಒಂದೇ ಒಂದು ಟಿಕೆಟು ಹರಿಯದ ತಿಂಗಳಿನಲ್ಲಿ ಬಸ್ಸಿನ ಮಾಲೀಕರಿಗೆ ಮುಂದಿನ ಬಂಡವಾಳವು ದುಬಾರಿಯಾಗಿತ್ತು.

ಮೇ 19ರಿಂದ ರಾಜ್ಯದಲ್ಲಿ ಬಸ್ ಸಂಚಾರಕ್ಕೆ ಅನುಮತಿ ದೊರೆಯಿತಾದರೂ ಒಂದು ಬಸ್ಸಿನಲ್ಲಿ 30 ಮಂದಿಯ ಮಿತಿಯನ್ನು ವಿಧಿಸಲಾಯಿತು. ಅಷ್ಟು ಹೊತ್ತಿಗೆ ಮುಂಬಯಿಯಿಂದ ನಮ್ಮವರು ಊರಿಗೆ ಮರಳತೊಡಗಿದ್ದರು. ಅಲ್ಲಿಯವರೆಗೆ ಬೆರಳೆಣಿಕೆಯ ಪ್ರಕರಣಗಳಿದ್ದ ಉಡುಪಿ ಜಿಲ್ಲೆಯು ಜೂನ್ ಆರಂಭದಲ್ಲಿ ಪ್ರಕರಣಗಳ ಸಂಖ್ಯೆಯಲ್ಲಿ ರಾಜ್ಯಕ್ಕೇ ಮೊದಲಾಯಿತು. ಪಕ್ಕದ ಆಸನದಲ್ಲಿ ಕುಳಿತವರು ಯಾರೋ ಎಂಬ ಅಂಜಿಕೆಯು ಪ್ರಯಾಣಿಕರ ಮನಸ್ಸಿನಲ್ಲಿ ಬೇರೂರಿತು. 2021ರ ಮಾರ್ಚಿನಲ್ಲಿ ಮಣಿಪಾಲದ ತಾಂತ್ರಿಕ ವಿದ್ಯಾಲಯದ ಆವರಣವನ್ನು ನಿರ್ಬಂಧಿತ ವಲಯವೆಂದು ಘೋಷಿಸಬೇಕಾಯಿತು. ಏಪ್ರಿಲ್ 27ರಿಂದ ಎರಡನೆಯ ಬಾರಿ ರಾಜ್ಯವು ಬೀಗ ಹಾಕಿಕೊಂಡಿತು. ವಿದ್ಯಾರ್ಥಿಗಳಿಲ್ಲದ ಮಣಿಪಾಲದಲ್ಲಿ ರಿಕ್ಷಾ ಚಾಲಕನಿಂದ ಜೆರಾಕ್ಸ್ ಅಂಗಡಿಯವರೆಗೆ ಎಲ್ಲರೂ ಖಾಲಿ ರಸ್ತೆಯನ್ನೇ ನೋಡುತ್ತ ಕುಳಿತರು.

ಅರ್ಧ ಆಸನದ ಲೆಕ್ಕ

ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಬಸ್ಸೆಂದರೆ ಸರ್ಕಾರಿ ಬಸ್ಸು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಹಾಗಲ್ಲ. ಇಲ್ಲಿ ಸಿಟಿ, ಸರ್ವಿಸ್, ಎಕ್ಸ್‌ಪ್ರೆಸ್ ಬಸ್ಸುಗಳ ಬಹುಪಾಲು ಖಾಸಗಿಯವರದು. ಒಂದು ಬಸ್ಸು ಅಥವಾ ಎರಡು ಬಸ್ಸುಗಳ ಮಾಲೀಕರೂ ಸಾಕಷ್ಟಿದ್ದಾರೆ. ಅವರು ನಮ್ಮ ನಿಮ್ಮಂತೆಯೇ ಸಣ್ಣ ಉದ್ಯಮಿಗಳು. ಅವರ ನಷ್ಟಕ್ಕೆ ಸರ್ಕಾರದ ಬೊಕ್ಕಸವು ಹೊಣೆಯಲ್ಲ. ಆದ್ದರಿಂದಲೇ ಅವರ ಲೆಕ್ಕವನ್ನು ನಾವು ಬೇಗನೆ ಅರಿಯಬಲ್ಲೆವು.

ತಿಳಿವಳಿಕೆಗಾಗಿ ಒಂದು ಸರಳ ಲೆಕ್ಕವನ್ನು ತೆಗೆದುಕೊಳ್ಳೋಣ. 40 ಆಸನಗಳ ಬಸ್ಸೊಂದಕ್ಕೆ ಡೀಸೆಲ್, ಸಂಬಳ, ವಿಮೆ, ತೆರಿಗೆ, ಸಾಲದ ಕಂತು ಇವೆಲ್ಲ ಹುಟ್ಟಬೇಕಾದರೆ ಟ್ರಿಪ್ಪಿಗೆ ಸರಾಸರಿ 28 ಆಸನಗಳು ತುಂಬಬೇಕು ಎಂದಿಟ್ಟುಕೊಳ್ಳಿ. ಅರ್ಧ ಆಸನದ ನಿಯಮದಡಿ 20 ಮಂದಿಯನ್ನು ಮಾತ್ರ ಹತ್ತಿಸಬಹುದು. ಅಂದರೆ ನಿಯಮದ ಮಟ್ಟಿಗೆ ಬಸ್ಸು ತುಂಬಿದ್ದರೂ ಮಾಲೀಕನಿಗೆ ಪ್ರತಿ ಟ್ರಿಪ್ಪೂ ನಷ್ಟವೇ. ಆತನ ಮುಂದಿದ್ದ ದಾರಿಗಳು ಮೂರು: ದರ ಏರಿಸುವುದು, ಟ್ರಿಪ್ಪು ಕಡಿತಗೊಳಿಸುವುದು, ಇಲ್ಲವೇ ದಾಖಲೆಗಳನ್ನು ಸಾರಿಗೆ ಕಚೇರಿಗೆ ಒಪ್ಪಿಸಿ, ತೆರಿಗೆಯ ಹೊರೆಯನ್ನು ತಪ್ಪಿಸಿಕೊಂಡು ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸುವುದು. ಮೂರೂ ನಡೆದವು. ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ 2020ರ ಆಗಸ್ಟ್ 31ರವರೆಗೆ ಬಿಡುವು ನೀಡಿತಾದರೂ ಬಡ್ಡಿಯು ನಿಲ್ಲಲಿಲ್ಲ. 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿಯನ್ನು ದಾಟಿತು. ಡೀಸೆಲ್ಲೂ ಅದರ ಬೆನ್ನಟ್ಟಿತು. ಆ ವರ್ಷದ ನವೆಂಬರಿನಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡೂ ತೆರಿಗೆ ಇಳಿಸುವಷ್ಟರಲ್ಲಿ ಅನೇಕ ಟ್ರಿಪ್ಪುಗಳು ವೇಳಾಪಟ್ಟಿಯಿಂದ ಮರೆಯಾಗಿದ್ದವು.

ಕಡಿತಗೊಂಡದ್ದು ಯಾವ ಟ್ರಿಪ್ಪುಗಳು ಎಂಬುದು ಮುಖ್ಯ. ಉಡುಪಿ–ಮಣಿಪಾಲ ನಡುವಿನ ಐದು ಕಿಲೋಮೀಟರಿನಲ್ಲಾಗಲಿ, ಉಡುಪಿ–ಮಂಗಳೂರು ಹೆದ್ದಾರಿಯಲ್ಲಾಗಲಿ ಬಸ್ಸಿಗೆ ಹೆಚ್ಚು ಕಾಲ ಬರ ಬರಲಿಲ್ಲ. ಕಾಪು, ಶಿರ್ವ, ಬೆಳ್ಮಣ್, ಬೈಲೂರು ಮುಂತಾದ ಊರುಗಳ ಒಳದಾರಿಗಳಲ್ಲಿ, ಅದರಲ್ಲೂ ಮಧ್ಯಾಹ್ನದ, ರಾತ್ರಿಯ ಮತ್ತು ಭಾನುವಾರದ ಟ್ರಿಪ್ಪುಗಳಲ್ಲಿ ಕತ್ತರಿಯು ಆಡಿತು. ಪ್ರಯಾಣಿಕರು ಕಡಿಮೆಯಿದ್ದಲ್ಲಿ ಕಡಿತ ಮಾಡುವುದು ವ್ಯವಹಾರದ ನ್ಯಾಯ. ಆದರೆ ಬೇರೆ ಗತಿಯಿಲ್ಲದ ಪ್ರಯಾಣಿಕರಿದ್ದದ್ದು ಅಲ್ಲಿಯೇ.

ಸ್ಕೂಟರಿಗೆ ಹೋದವರು

ಬಸ್ಸು ನಿಂತಾಗ ಸಾಮರ್ಥ್ಯವಿದ್ದವರು ಸ್ಕೂಟರು ಕೊಂಡರು. ಇದ್ದ ಹಳೆಯ ಬೈಕನ್ನು ದುರಸ್ತಿ ಮಾಡಿಸಿದರು. ಸೆಕೆಂಡ್ ಹ್ಯಾಂಡ್ ಕಾರಿಗೂ ಬೇಡಿಕೆ ಬಂದಿತು. ಆರಂಭದಲ್ಲಿ ಸೋಂಕಿನ ಭಯವು ಕಾರಣವಾಗಿತ್ತು. ಭಯವು ಹೋದ ಮೇಲೂ ಅವರು ಬಸ್ಸಿಗೆ ಮರಳಲಿಲ್ಲ. ಒಮ್ಮೆ ಕಂತಿನ ಮೇಲೆ ವಾಹನ ಕೊಂಡವನು ಅದನ್ನು ಅಂಗಳದಲ್ಲಿ ನಿಲ್ಲಿಸಿ ಬಸ್ಸಿಗೆ ಕಾಯುವುದುಂಟೆ?

ಈ ಆಯ್ಕೆಯು ಅಗ್ಗದ್ದೇನೂ ಅಲ್ಲ. ಕಾಪುವಿನಿಂದ ಉಡುಪಿಗೆ ಸುಮಾರು 13 ಕಿಲೋಮೀಟರು. ದಿನಕ್ಕೆ 26 ಕಿಲೋಮೀಟರಿನಂತೆ ತಿಂಗಳಿಗೆ 26 ದಿನ ಓಡಿಸಿದರೆ 676 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರು, ಪೆಟ್ರೋಲಿಗೆ ನೂರು ರೂಪಾಯಿ ಎಂದು ಹಿಡಿದರೂ ಇಂಧನಕ್ಕೇ 1,500 ರೂಪಾಯಿ. ಸಾಲದ ಕಂತು 2,500 ಎಂದು ಸೇರಿಸಿದರೆ 4,000 ರೂಪಾಯಿ. ವಿಮೆ, ಟಯರು, ದುರಸ್ತಿ ಬೇರೆ. ಬಸ್ಸಿಗೆ ಒಮ್ಮೆಗೆ 25 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,300 ರೂಪಾಯಿ. ಹನ್ನೆರಡು ಸಾವಿರ ಸಂಬಳದ ಅಂಗಡಿ ನೌಕರನೊಬ್ಬನು ಮೂರರಲ್ಲೊಂದು ಪಾಲನ್ನು ಸ್ಕೂಟರಿಗೆ ತೆರುತ್ತಾನೆಂದರೆ ಅದು ಷೋಕಿಯಲ್ಲ. ಬಸ್ಸಿನ ಮೇಲೆ ಆತನಿಗಿದ್ದ ಭರವಸೆಯು ಹೋಗಿದೆ ಎಂದೇ ಅರ್ಥ. ಆತನು 2,700 ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುತ್ತಿರುವುದು ರಾತ್ರಿ ಮನೆ ಸೇರುವ ಖಾತರಿಯನ್ನು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿಯು ಶೇ. 28ರಿಂದ 18ಕ್ಕೆ ಇಳಿದಿದೆ. ಬಸ್ಸಿಗೂ ಅದೇ ಇಳಿಕೆ ದೊರೆತಿದೆ, ಸೈಕಲ್ಲಿಗೆ ಶೇ. 12ರಿಂದ 5ಕ್ಕೆ. ಆದರೆ ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿದೆ. ಹೀಗಾಗಿ ಬಸ್ಸಿನ ಮಾಲೀಕನಿಗೆ ವಾಹನ ಕೊಳ್ಳುವಾಗ ಸಿಕ್ಕ ಲಾಭವು ದಿನನಿತ್ಯದ ಓಟದಲ್ಲಿ ಸಿಗುವುದಿಲ್ಲ.

ಉಳಿದವರು ಯಾರು?

ಹತ್ತು ಮಂದಿ ಬಸ್ಸು ಬಿಟ್ಟು ಸ್ಕೂಟರು ಹಿಡಿದರೆ ಆ ಟ್ರಿಪ್ಪಿನ ವರಮಾನ ಕುಸಿಯುತ್ತದೆ. ವರಮಾನ ಕುಸಿದ ಟ್ರಿಪ್ಪು ನಿಲ್ಲುತ್ತದೆ. ಟ್ರಿಪ್ಪು ನಿಂತಾಗ ಮತ್ತೆ ಹತ್ತು ಮಂದಿ ಸ್ಕೂಟರಿನತ್ತ ನೋಡುತ್ತಾರೆ. ಈ ಸುತ್ತಿನ ಕೊನೆಯಲ್ಲಿ ನಿಲ್ದಾಣದಲ್ಲಿ ಉಳಿಯುವವರು ವಾಹನ ಕೊಳ್ಳಲಾರದವರು, ಓಡಿಸಲಾರದವರು: ವಯಸ್ಸಾದವರು, ಶಾಲೆಯ ಮಕ್ಕಳು, ಅಂಗವಿಕಲರು, ಕಟ್ಟಡದ ಕೂಲಿಗಳು, ಹಾಗೂ ಬಹುಪಾಲು ಮಹಿಳೆಯರು.

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ, ಸಾವಿರ ಪುರುಷರಿಗೆ 1,094 ಮಹಿಳೆಯರು. ದುಡಿಯುವ ಗಂಡಸರು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ಈ ಜಿಲ್ಲೆಯ ಅಂಗಡಿಗಳಲ್ಲಿ, ಗೇರುಬೀಜದ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಬೀಡಿಯ ಬ್ರಾಂಚುಗಳಲ್ಲಿ ದುಡಿಯುತ್ತಿರುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವು. ಮನೆಯಲ್ಲಿ ಒಂದೇ ಸ್ಕೂಟರಿದ್ದರೆ ಅದು ಸಾಮಾನ್ಯವಾಗಿ ಮಗನದೋ ಗಂಡನದೋ ಆಗಿರುತ್ತದೆ. ಬಸ್ಸು ತಪ್ಪಿದರೆ ಆಕೆಗೆ ಉಳಿಯುವುದು ರಿಕ್ಷಾ. ಒಂದು ರಿಕ್ಷಾ ಬಾಡಿಗೆಯಲ್ಲಿ ಆ ದಿನದ ದುಡಿಮೆಯ ದೊಡ್ಡ ಭಾಗವು ಕರಗಿಹೋಗುತ್ತದೆ.

ಶಕ್ತಿ ಯೋಜನೆ ಮತ್ತು ರಸ್ತೆಯ ಅದೃಷ್ಟ

2023ರ ಜೂನ್ 11ರಂದು ರಾಜ್ಯ ಸರ್ಕಾರವು ಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಐಷಾರಾಮಿಯಲ್ಲದ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಯುರೋಪಿನ ಲಕ್ಸೆಂಬರ್ಗ್ ದೇಶವು 2020ರಿಂದ ಎಲ್ಲರಿಗೂ ಸಾರ್ವಜನಿಕ ಸಾರಿಗೆಯನ್ನು ಉಚಿತಗೊಳಿಸಿದ್ದನ್ನು ನೆನೆದರೆ, ಇದು ಮಹಿಳೆಯರ ಮಟ್ಟಿಗೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಪ್ರಯೋಗ.

ಆದರೆ ಯೋಜನೆಯು ಅನ್ವಯಿಸುವುದು ನಿಗಮದ ಬಸ್ಸಿಗೆ. ನಿಗಮದ ಬಸ್ಸೇ ವಿರಳವಾದ ನಮ್ಮ ಜಿಲ್ಲೆಯಲ್ಲಿ ಇದರಿಂದ ಒಂದು ವಿಚಿತ್ರ ಅಸಮಾನತೆ ಹುಟ್ಟಿಕೊಂಡಿತು. ಒಂದೇ ಅಂಗಡಿಯಲ್ಲಿ, ಒಂದೇ ಸಂಬಳಕ್ಕೆ ದುಡಿಯುವ ಇಬ್ಬರು ಮಹಿಳೆಯರಲ್ಲಿ ಕೆಎಸ್ಸಾರ್ಟಿಸಿ ಓಡುವ ದಾರಿಯವಳಿಗೆ ಪ್ರಯಾಣವೆಚ್ಚ ಸೊನ್ನೆ. ಖಾಸಗಿ ಬಸ್ಸು ಮಾತ್ರವಿರುವ ದಾರಿಯವಳಿಗೆ, ಮೇಲಿನ ಲೆಕ್ಕದಂತೆ, ತಿಂಗಳಿಗೆ 1,300 ರೂಪಾಯಿ. ಇಬ್ಬರೂ ಕಟ್ಟುವ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. ಮನೆ ಯಾವ ರಸ್ತೆಯ ಬದಿಯಲ್ಲಿದೆ ಎಂಬುದೇ ಸೌಲಭ್ಯವನ್ನು ನಿರ್ಧರಿಸುವಂತಾಯಿತು.

ಖಾಸಗಿ ಬಸ್ಸಿನವರ ಸಂಕಟವೂ ಸುಳ್ಳಲ್ಲ. ಅವರ ದಾರಿಗೆ ಉಚಿತ ಬಸ್ಸೊಂದು ಬಂದರೆ ಮಹಿಳಾ ಪ್ರಯಾಣಿಕರು ಅತ್ತ ಹೋಗುವುದು ಸಹಜ. ನಿಗಮದ ಬಸ್ಸು ದಿನಕ್ಕೆ ನಾಲ್ಕು ಬಾರಿ ಓಡಿ, ಅದರ ಪರಿಣಾಮವಾಗಿ ಖಾಸಗಿಯ ಹತ್ತು ಟ್ರಿಪ್ಪುಗಳು ನಿಂತರೆ ಊರಿಗೆ ಲಾಭವಾಯಿತೋ ನಷ್ಟವಾಯಿತೋ? 2024ರ ಕೊನೆಯ ಭಾಗದಲ್ಲಿ ಮಂಗಳೂರು–ಮೂಡುಬಿದಿರೆ–ಕಾರ್ಕಳ ಮಾರ್ಗದಲ್ಲಿ ನಿಗಮದ ಬಸ್ಸು ಓಡತೊಡಗಿದಾಗ ಜನರಿಗಾದ ಸಂತೋಷವೂ ನಿಜ, ಈ ಪ್ರಶ್ನೆಯೂ ನಿಜ. ಉಚಿತ ಪ್ರಯಾಣದ ಹಣವನ್ನು ನಿಗಮಕ್ಕೆ ಭರಿಸಿಕೊಡುವ ಸರ್ಕಾರವು, ನಿಗಮವಿಲ್ಲದ ದಾರಿಗಳಲ್ಲಿ ಖಾಸಗಿ ಬಸ್ಸಿನ ಮಹಿಳಾ ಪ್ರಯಾಣಿಕರ ಟಿಕೆಟಿನ ಒಂದು ಪಾಲನ್ನಾದರೂ ಭರಿಸಲು ಸಾಧ್ಯವೇ ಎಂಬುದು ಕರಾವಳಿಯವರು ಒಕ್ಕೊರಲಿನಿಂದ ಕೇಳಬೇಕಾದ ಮಾತು.

ರೈಲಿನಲ್ಲಿಯೂ ಅದೇ ಕಥೆ

ಲಾಕ್‌ಡೌನಿನ ನಂತರ ದೇಶದಾದ್ಯಂತ ಪ್ಯಾಸೆಂಜರ್ ರೈಲುಗಳು ವಿಶೇಷ ರೈಲುಗಳೆಂಬ ಹೆಸರಿನಲ್ಲಿ ಮರಳಿದವು. ಹತ್ತು ರೂಪಾಯಿಯ ಕನಿಷ್ಠ ದರವು ಎಕ್ಸ್‌ಪ್ರೆಸ್ ದರವಾಗಿ ಮೂವತ್ತಕ್ಕೆ ಏರಿತು. ಅದು ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. 2020ರ ಮಾರ್ಚಿನಲ್ಲಿ ಹಿಂದೆಗೆದುಕೊಂಡ ಹಿರಿಯ ನಾಗರಿಕರ ರಿಯಾಯಿತಿಯಂತೂ ಆ ಬಳಿಕ ವರ್ಷಗಳು ಕಳೆದರೂ ಬರಲಿಲ್ಲ. ಉಡುಪಿಯ ಇಂದ್ರಾಳಿ ನಿಲ್ದಾಣದಿಂದ ಮಂಗಳೂರಿಗೆ ಆಸ್ಪತ್ರೆಗೆಂದು ಹೋಗುವ ವೃದ್ಧರಿಗೆ ಇದು ಸಣ್ಣ ವಿಷಯವಲ್ಲ. ಇನ್ನು ಕಾರ್ಕಳಕ್ಕೆ ರೈಲೇ ಇಲ್ಲ; ಅಲ್ಲಿಯವರ ಪಾಲಿಗೆ ಬಸ್ಸೇ ಎಲ್ಲ.

ನಮ್ಮ ಅಂಗಡಿಗೆ ಆದದ್ದೇನು?

ಇದು ಸಮಾಜಸೇವಕರ ವಿಷಯ, ವ್ಯಾಪಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವು ಗಲ್ಲಾಪೆಟ್ಟಿಗೆಯಲ್ಲಿಯೇ ಕಾಣುತ್ತದೆ.

ಮೊದಲನೆಯದು ಕೆಲಸದವರ ಕೊರತೆ. "ಜನ ಸಿಗುವುದಿಲ್ಲ" ಎಂಬುದು ಈಗ ಪ್ರತಿಯೊಬ್ಬ ವ್ಯಾಪಾರಿಯ ಬಾಯಲ್ಲೂ ಇರುವ ದೂರು. ಆದರೆ ಕೆಲಸಕ್ಕೆ ಬೇಕಾಗಿದ್ದಾರೆ ಎಂಬ ಜಾಹೀರಾತಿನಲ್ಲಿ "ದ್ವಿಚಕ್ರ ವಾಹನವಿರುವವರಿಗೆ ಆದ್ಯತೆ" ಎಂದು ಬರೆಯುವವರೂ ನಾವೇ. ಆ ಒಂದು ಸಾಲಿನಿಂದ ಎಷ್ಟು ಮಂದಿ ಅರ್ಹರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದೇವೆ ಎಂಬುದನ್ನು ಯೋಚಿಸಬೇಕು.

ಎರಡನೆಯದು ಅಂಗಡಿಯ ವೇಳೆ. ಒಳದಾರಿಯ ಕೊನೆಯ ಬಸ್ಸು ಏಳೂವರೆಗೆ ಹೊರಟರೆ ಎಂಟರವರೆಗೆ ಅಂಗಡಿಯಲ್ಲಿ ನಿಲ್ಲಬೇಕಾದ ಹೆಣ್ಣುಮಗಳು ಕೆಲಸ ಬಿಡುತ್ತಾಳೆ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರವು 10 ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಗಳಿಗೆ ಹಗಲಿರುಳು ತೆರೆದಿರಲು ಅನುಮತಿ ನೀಡಿದಾಗ, ಸಾಮಾನ್ಯವಾಗಿ ಮಹಿಳೆಯರನ್ನು ರಾತ್ರಿ ಎಂಟರ ನಂತರ ದುಡಿಸಕೂಡದು, ಅವರ ಲಿಖಿತ ಒಪ್ಪಿಗೆಯಿದ್ದಲ್ಲಿ ರಕ್ಷಣೆಯ ಏರ್ಪಾಡು ಇರಬೇಕು, ಪಾಳಿಯವರಿಗೆ ಸಾರಿಗೆಯ ವ್ಯವಸ್ಥೆ ಬೇಕು ಎಂಬ ಷರತ್ತುಗಳನ್ನೂ ವಿಧಿಸಿತು. ಸಾರಿಗೆಯಿಲ್ಲದೆ ವ್ಯಾಪಾರದ ವೇಳೆಯನ್ನು ವಿಸ್ತರಿಸಲಾಗದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಮೂರನೆಯದು ಸರಕು. ನಮ್ಮಲ್ಲಿ ಬಸ್ಸು ಸಣ್ಣ ವ್ಯಾಪಾರಿಯ ಲಾರಿಯೂ ಹೌದು. ಔಷಧದ ಪೆಟ್ಟಿಗೆ, ಪಂಪಿನ ಬಿಡಿಭಾಗ, ಹೊಲಿದ ಬಟ್ಟೆ, ಮುದ್ರಿಸಿದ ಆಮಂತ್ರಣ ಪತ್ರಿಕೆ ಇವೆಲ್ಲ ಬಸ್ಸಿನಲ್ಲಿ ಸಾಗುತ್ತವೆ. ಕಟಪಾಡಿ ಸಮೀಪದ ಶಂಕರಪುರದ ಮಲ್ಲಿಗೆಯ ಅಟ್ಟೆಗಳು ಅದೇ ದಿನ ಮಾರುಕಟ್ಟೆಯನ್ನು ಮುಟ್ಟದಿದ್ದರೆ ಅವುಗಳಿಗೆ ಬೆಲೆಯಿಲ್ಲ. ಲಾಕ್‌ಡೌನಿನಲ್ಲಿ ವಾಹನಗಳೂ ಸಮಾರಂಭಗಳೂ ನಿಂತಾಗ ಮಲ್ಲಿಗೆ ಬೆಳೆಗಾರರು ಪಟ್ಟ ಪಾಡು ನಮಗೆಲ್ಲ ತಿಳಿದೇ ಇದೆ. ಮಧ್ಯಾಹ್ನದ ಟ್ರಿಪ್ಪು ಹೋದಾಗ ಆ ಪಾರ್ಸೆಲಿಗಾಗಿ ಬೈಕಿನಲ್ಲಿ ಒಬ್ಬ ಹುಡುಗನನ್ನು ಕಳುಹಿಸಬೇಕಾಗುತ್ತದೆ. ಪೆಟ್ರೋಲೂ ಹೋಯಿತು, ಅರ್ಧ ದಿನದ ಕೆಲಸವೂ ಹೋಯಿತು.

ನಾಲ್ಕನೆಯದು ಪಾರ್ಕಿಂಗ್. ಉಡುಪಿಯ ಕಲ್ಸಂಕ, ಮಣಿಪಾಲದ ಟೈಗರ್ ಸರ್ಕಲ್, ಕಾರ್ಕಳದ ಮುಖ್ಯಪೇಟೆ ಎಲ್ಲಿ ನೋಡಿದರೂ ವಾಹನಗಳ ದಟ್ಟಣೆ. ಅಂಗಡಿಯ ಮುಂದಿನ ಜಾಗವು ಬೆಳಿಗ್ಗೆ ಒಂಬತ್ತಕ್ಕೇ ಕೆಲಸದವರ ಸ್ಕೂಟರುಗಳಿಂದ ತುಂಬಿದರೆ ಗಿರಾಕಿಯು ಎಲ್ಲಿ ನಿಲ್ಲಿಸಬೇಕು? ನಿಲ್ಲಿಸಲು ಜಾಗವಿಲ್ಲದ ಗಿರಾಕಿ ಮುಂದೆ ಸಾಗುತ್ತಾನೆ. ಇಲ್ಲವೇ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾನೆ.

ನಾವು ಮಾಡಬಹುದಾದದ್ದು

ಬೊಗೋಟಾ, ಪ್ಯಾರಿಸ್ ಮುಂತಾದ ನಗರಗಳು 2020ರಲ್ಲಿಯೇ ರಸ್ತೆಯ ಒಂದು ಪಕ್ಕವನ್ನು ಸೈಕಲ್ ಸವಾರರಿಗೆ ಬಿಟ್ಟುಕೊಟ್ಟವು. ಆರು ತಿಂಗಳ ಮಳೆ, ಏರುತಗ್ಗಿನ ಹಾದಿ, ವೇಗದ ಹೆದ್ದಾರಿಗಳಿರುವ ನಮ್ಮಲ್ಲಿ ಅದರಿಂದಲೇ ಪರಿಹಾರವಾಗದು. ನಮ್ಮ ಸಂಪತ್ತು ಬಸ್ಸು. ಅದನ್ನು ಉಳಿಸಿಕೊಳ್ಳಲು ಸರ್ಕಾರವನ್ನು ಕಾಯದೆಯೂ ಮಾಡಬಹುದಾದ ಕೆಲವು ಕೆಲಸಗಳಿವೆ.

ಒಂದು, ಪೇಟೆವಾರು ಕೆಲಸದವರ ಪಟ್ಟಿ. ಯಾವ ಊರಿನಿಂದ ಎಷ್ಟು ಮಂದಿ, ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋಗುತ್ತಾರೆ ಎಂಬುದನ್ನು ಪ್ರತಿ ಅಂಗಡಿ, ಪ್ರತಿ ಕಾರ್ಖಾನೆಯಿಂದ ಸಂಗ್ರಹಿಸಿದರೆ ಒಂದು ವಾರದಲ್ಲಿ ನಮ್ಮ ಕೈಯಲ್ಲಿ ಬೇಡಿಕೆಯ ಚಿತ್ರವಿರುತ್ತದೆ. ಬಸ್ಸಿನ ಮಾಲೀಕನಿಗೆ ಮನವಿಗಿಂತ ಈ ಪಟ್ಟಿಯು ಹೆಚ್ಚು ಉಪಯುಕ್ತ.

ಎರಡು, ಕೊನೆಯ ಟ್ರಿಪ್ಪಿಗೆ ಖಾತರಿ. ಒಂದು ದಾರಿಯ ರಾತ್ರಿಯ ಟ್ರಿಪ್ಪಿಗೆ ದಿನಕ್ಕೆ 400 ರೂಪಾಯಿ ಕೊರತೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಪೇಟೆಯ 40 ಅಂಗಡಿಗಳು ದಿನಕ್ಕೆ ಹತ್ತು ರೂಪಾಯಿಯಂತೆ ಹಂಚಿಕೊಂಡರೆ ಆ ಬಸ್ಸು ಓಡುತ್ತದೆ. ಕೆಲಸದವರ ಮಾಸಿಕ ಪಾಸನ್ನು ಅಂಗಡಿಯೇ ಮುಂಗಡವಾಗಿ ಕೊಳ್ಳುವುದೂ ಇದೇ ಪರಿಣಾಮವನ್ನು ಕೊಡುತ್ತದೆ. ಸಿಟಿ ಬಸ್ಸುಗಳಲ್ಲಿ ಬಳಕೆಗೆ ಬಂದ ಕಾರ್ಡುಗಳಿಂದ ಲೆಕ್ಕವಿಡುವುದೂ ಈಗ ಕಷ್ಟವಲ್ಲ.

ಮೂರು, ವೇಳೆಯ ಹೊಂದಾಣಿಕೆ. ಬಸ್ಸು ಏಳೂವರೆಗಾದರೆ ಬಸ್ಸಿನಲ್ಲಿ ಬರುವ ಕೆಲಸದವರ ವೇಳೆಯನ್ನು ಏಳೂಕಾಲಿಗೆ ಮುಗಿಸಿ, ಬೆಳಿಗ್ಗೆ ಬೇಗ ಆರಂಭಿಸಬಹುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ನಾಲ್ಕು, ಪ್ರಾಧಿಕಾರದ ಮುಂದೆ ಹಾಜರಿ. ಮಾರ್ಗ, ವೇಳೆ, ಪರವಾನಗಿಗಳು ನಿರ್ಧಾರವಾಗುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದಲ್ಲಿ. ಅಲ್ಲಿ ಬಸ್ಸಿನ ಮಾಲೀಕರ ದನಿ ಕೇಳುತ್ತದೆ, ನಿಗಮದ ದನಿ ಕೇಳುತ್ತದೆ. ವ್ಯಾಪಾರಿಗಳ ಮತ್ತು ಅವರ ಕೆಲಸದವರ ದನಿಯೂ ಕೇಳಬೇಕು. ಪರವಾನಗಿಯಲ್ಲಿ ನಮೂದಾಗಿರುವ ಟ್ರಿಪ್ಪುಗಳು ರಸ್ತೆಯ ಮೇಲೆ ಓಡುತ್ತಿವೆಯೇ ಎಂಬುದನ್ನು ಮೊದಲು ಕೇಳೋಣ. ಓಡಿಸಲಾಗದಿದ್ದರೆ ಏಕೆ ಎಂಬುದನ್ನೂ ಸಹಾನುಭೂತಿಯಿಂದ ಕೇಳೋಣ.

ಎರಡಾಣೆಯ ಪಾಠ

1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲಾರದವರ ಬಳಿಗೆ ಬ್ಯಾಂಕೇ ನಡೆದುಹೋಯಿತು. ಸಣ್ಣವರ ಸಣ್ಣ ಮೊತ್ತಗಳಿಂದ ದೊಡ್ಡ ಸಂಸ್ಥೆಯನ್ನು ಕಟ್ಟಬಹುದೆಂದು ದೇಶಕ್ಕೆ ತೋರಿಸಿದ ಜಿಲ್ಲೆ ನಮ್ಮದು. ಆ ಬ್ಯಾಂಕಿನ ಹೆಸರು ಲಾಕ್‌ಡೌನಿನ ನಡುವೆ ಇತಿಹಾಸಕ್ಕೆ ಸೇರಿತು. ಆ ಬುದ್ಧಿಯು ಸೇರಬೇಕಾಗಿಲ್ಲ.

ಇಂದು ರಾತ್ರಿ ಅಂಗಡಿಯ ಬಾಗಿಲೆಳೆಯುವಾಗ ನಮ್ಮ ಕೆಲಸದವರನ್ನು ಒಂದು ಪ್ರಶ್ನೆ ಕೇಳೋಣ: "ನೀವು ಮನೆಗೆ ಹೇಗೆ ಹೋಗುತ್ತೀರಿ?" ಅನೇಕ ವರ್ಷಗಳಿಂದ ಜೊತೆಯಲ್ಲಿ ದುಡಿದವರನ್ನು ನಾವು ಈ ಮಾತು ಕೇಳಿಯೇ ಇರಲಿಕ್ಕಿಲ್ಲ. ಬರುವ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ, ಮೇಲೆ ಹೇಳಿದ ಪಟ್ಟಿಯ ಮೊದಲ ಪುಟವು ಸಿದ್ಧವಾದಂತೆಯೇ.